ಮೊದಲು ಬಾಗಿಲುಗಳನ್ನು ಎಣಿಸಿ: ಲಿನಕ್ಸ್ ಯಂತ್ರ ಮತ್ತು ನೆಟ್‌ವರ್ಕ್ ಭದ್ರಪಡಿಸಿಕೊಳ್ಳುವ ಬಗೆ

"ಲಿನಕ್ಸ್ ಹಾಕಿಕೊಂಡಿದ್ದೀನಲ್ಲ, ಇನ್ನೇನು ಭಯ" ಅನ್ನುವವರು ಒಮ್ಮೆ ಒಂದು ಕೆಲಸ ಮಾಡಿ ನೋಡಬೇಕು. ಹೊಸ ಸರ್ವರ್ ಒಂದನ್ನು ಸಾರ್ವಜನಿಕ ಐಪಿ ವಿಳಾಸ ಕೊಟ್ಟು ಇಂಟರ್ನೆಟ್ಟಿಗೆ ಬಿಡಿ, ಒಂದು ದಿನ ಕಳೆದ ಮೇಲೆ ಅದರ ಲಾಗ್ (ನಡೆದದ್ದರ ದಾಖಲೆ) ತೆರೆಯಿರಿ. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಒರಾಕಲ್ ಎಂಬ ಹೆಸರುಗಳಲ್ಲಿ ಯಾರ್ಯಾರೋ ಒಳಗೆ ಬರಲು ನೋಡಿರುತ್ತಾರೆ. ಅವರಿಗೆ ನಿಮ್ಮ ಮೇಲೆ ಹಗೆಯೇನಿಲ್ಲ, ನೀವು ಯಾರೆಂದೂ ಗೊತ್ತಿಲ್ಲ. ಬೀದಿಯುದ್ದಕ್ಕೂ ಒಂದೊಂದೇ ಮನೆಯ ಚಿಲಕ ಅಲುಗಿಸುತ್ತ ಹೋಗುವ ಸ್ಕ್ರಿಪ್ಟುಗಳು ಅವು. ಚಿಲಕ ಸಡಿಲವಿದ್ದ ಕಡೆ ಒಳಗೆ ನುಗ್ಗುತ್ತವೆ.

ಮುಕ್ತ ತಂತ್ರಾಂಶದ ಲಾಭ ದೊಡ್ಡದು. ಬೀಗ ಹೇಗೆ ಮಾಡಿದ್ದಾರೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ದೋಷ ಕಂಡರೆ ತಿದ್ದಬಹುದು. ಆದರೆ ಆ ಬೀಗವನ್ನು ಹಾಕುವ ಕೆಲಸ ನಮ್ಮ ಪಾಲಿಗೇ ಉಳಿದಿರುತ್ತದೆ. ನಾನು ಕಂಡಿರುವ ಮಟ್ಟಿಗೆ, ಒಡೆದುಹೋದ ಯಂತ್ರಗಳಲ್ಲಿ ಹೆಚ್ಚಿನವು ಅದ್ಭುತ ಹ್ಯಾಕಿಂಗಿನಿಂದ ಒಡೆದವಲ್ಲ. "ಇದು ಓಡುತ್ತಿದೆ ಅಂತಲೇ ಗೊತ್ತಿರಲಿಲ್ಲ" ಎಂಬ ಮಾತೇ ಪ್ರತಿ ಸಲ ಕೊನೆಯಲ್ಲಿ ಕೇಳಿಬರುವುದು.

ಕೆಳಗಿನ ಹೆಜ್ಜೆಗಳು ಡೆಬಿಯನ್, ಉಬುಂಟು, ಫೆಡೋರಾ ಎಂಬ ಲಿನಕ್ಸ್ ವಿತರಣೆಗಳನ್ನು ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕಮಾಂಡುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು. ಯಾವುದೇ ಕಮಾಂಡಿನ ಬಗ್ಗೆ ಅನುಮಾನ ಬಂದರೆ 'ಮ್ಯಾನ್' ಎಂದು ಮೊದಲು ಬರೆದು ಆಮೇಲೆ ಅದರ ಹೆಸರು ಕೊಟ್ಟರೆ ಕೈಪಿಡಿ ತೆರೆದುಕೊಳ್ಳುತ್ತದೆ.

ಹೆಜ್ಜೆ 1: ಏನೇನು ತೆರೆದಿದೆ, ನೋಡಿ

ಫೈರ್‌ವಾಲ್ ಹಾಕುವುದಕ್ಕೂ ಮುಂಚಿನ ಕೆಲಸ ಇದು. 'ಎಸ್‌ಎಸ್' ಎಂಬ ಪುಟ್ಟ ಕಮಾಂಡ್ ಇದೆ. ಅದಾದ ಮೇಲೆ ಒಂದು ಅಡ್ಡಗೆರೆ ಹಾಕಿ ಟಿ, ಯು, ಎಲ್, ಪಿ, ಎನ್ ಎಂಬ ಐದು ಅಕ್ಷರಗಳನ್ನು ಒಟ್ಟಿಗೆ ಬರೆದು, ಸುಡೋ (ಕಮಾಂಡನ್ನು ಪೂರ್ಣಾಧಿಕಾರದಲ್ಲಿ ಓಡಿಸುವ ಸಾಧನ) ಜೊತೆ ಓಡಿಸಿ. ಯಾವ ಪ್ರೋಗ್ರಾಂ ಯಾವ ಪೋರ್ಟಿನಲ್ಲಿ, ಅಂದರೆ ಸಂಖ್ಯೆ ಹೊತ್ತ ಯಾವ ನೆಟ್‌ವರ್ಕ್ ಬಾಗಿಲಲ್ಲಿ, ಕಿವಿ ತೆರೆದು ಕೂತಿದೆ ಎಂಬ ಪಟ್ಟಿ ಬರುತ್ತದೆ.

ಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ವಿಳಾಸದ ಕಾಲಂ. 127.0.0.1 ಅಥವಾ ಐಪಿವಿ6ನ (ಹೊಸ ಬಗೆಯ ಐಪಿ ವಿಳಾಸದ) ::1 ಎಂದಿದ್ದರೆ ಆ ಸೇವೆ ಯಂತ್ರದ ಒಳಗಿನವರಿಗೆ ಮಾತ್ರ ಕೇಳಿಸುತ್ತದೆ. 0.0.0.0 ಎಂದಿದ್ದರೆ, ಅಥವಾ ಎರಡು ಚೌಕ ಆವರಣದ ನಡುವೆ :: ಎಂದಿದ್ದರೆ, ಯಾವ ದಿಕ್ಕಿನಿಂದ ಬಂದವರಿಗೂ ಬಾಗಿಲು ತೆರೆದಿದೆ ಎಂದರ್ಥ. ಆ ಎರಡನೇ ಗುಂಪಿನ ಪ್ರತಿ ಸಾಲಿಗೂ "ಇದು ಯಾಕೆ ಬೇಕು" ಎಂದು ಉತ್ತರ ಬರೆದಿಟ್ಟುಕೊಳ್ಳಿ. ಉತ್ತರ ಹೊಳೆಯದಿದ್ದರೆ ಅದನ್ನು ನಿಲ್ಲಿಸಿ. 'ಸಿಸ್ಟಂಸಿಟಿಎಲ್ ಡಿಸೇಬಲ್' ಎಂದು ಬರೆದು, ಎರಡು ಅಡ್ಡಗೆರೆಯ ಜೊತೆ 'ನೌ' ಸೇರಿಸಿ, ಕೊನೆಗೆ ಸೇವೆಯ ಹೆಸರು ಕೊಟ್ಟರೆ ಅದು ಈಗಲೂ ನಿಲ್ಲುತ್ತದೆ, ಮುಂದಿನ ಸಲ ಯಂತ್ರ ಶುರುವಾದಾಗಲೂ ಏಳುವುದಿಲ್ಲ. ಪ್ರಿಂಟರೇ ಇಲ್ಲದ ಸರ್ವರಿನಲ್ಲಿ ಪ್ರಿಂಟ್ ಸೇವೆ ಓಡುತ್ತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ದತ್ತಸಂಚಯಗಳ (ಡೇಟಾಬೇಸ್) ವಿಷಯದಲ್ಲಂತೂ ಈ ಕಾಲಂ ಜೀವ ಉಳಿಸುತ್ತದೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ದತ್ತಸಂಚಯಗಳನ್ನು ಕಳ್ಳರು ಅಳಿಸಿಹಾಕಿ, ಮರಳಿ ಬೇಕಿದ್ದರೆ ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಬಿಟ್ಟುಹೋದರು. ಅಲ್ಲಿ ಯಾರೂ ಯಾವ ಬೀಗವನ್ನೂ ಮುರಿದಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ 3306, 5432, 6379, 27017 ಎಂಬ ಪೋರ್ಟುಗಳು 0.0.0.0 ಜೊತೆ ಕಂಡರೆ (ಕ್ರಮವಾಗಿ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ರೆಡಿಸ್, ಮಾಂಗೋಡಿಬಿ) ಉಳಿದ ಕೆಲಸ ಬಿಟ್ಟು ಮೊದಲು ಆಯಾ ಸೇವೆಯ ಕಾನ್ಫಿಗ್ ತೆರೆದು 127.0.0.1ಕ್ಕೆ ಕಟ್ಟಿಹಾಕಿ.

ಹೆಜ್ಜೆ 2: ಅಪ್‌ಡೇಟ್, ಮತ್ತು ಅದರ ನಂತರದ ರೀಸ್ಟಾರ್ಟ್

ಅಪ್‌ಡೇಟ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. 2021ರ ಜನವರಿಯಲ್ಲಿ ಸುಡೋದಲ್ಲಿ ಸಿಕ್ಕ ದೋಷ ಸುಮಾರು 10 ವರ್ಷ ಅಲ್ಲೇ ಇತ್ತು. ಮರುವರ್ಷ ಜನವರಿಯಲ್ಲಿ ಪಿಕೆಎಕ್ಸೆಕ್ ಎಂಬ ಸಣ್ಣ ಪ್ರೋಗ್ರಾಂನಲ್ಲಿ ಸಿಕ್ಕದ್ದು 2009ರಿಂದಲೂ ಇದ್ದದ್ದು. ಎರಡರಲ್ಲೂ ಸಾಮಾನ್ಯ ಬಳಕೆದಾರನೊಬ್ಬ ನೇರವಾಗಿ ರೂಟ್, ಅಂದರೆ ಯಂತ್ರದ ಪೂರ್ಣಾಧಿಕಾರಿ, ಆಗಿಬಿಡಬಹುದಿತ್ತು. ಇಂಥ ದೋಷ ಬೆಳಕಿಗೆ ಬಂದ ದಿನವೇ ವಿತರಣೆಗಳು ತಿದ್ದುಪಡಿ ಕೊಟ್ಟವು. ಅದನ್ನು ಹಾಕಿಕೊಳ್ಳದೆ ಕೂತವರಿಗೆ ಕೋಡ್ ಮುಕ್ತವಾಗಿದ್ದೂ ಪ್ರಯೋಜನವಿಲ್ಲ.

ಡೆಬಿಯನ್, ಉಬುಂಟುಗಳಲ್ಲಿ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂಬ ಪ್ಯಾಕೇಜ್, ಫೆಡೋರಾದಲ್ಲಿ 'ಡಿಎನ್‌ಎಫ್ ಆಟೊಮ್ಯಾಟಿಕ್' ಇದೆ. ಭದ್ರತಾ ತಿದ್ದುಪಡಿಗಳನ್ನಾದರೂ ತಾನಾಗಿಯೇ ಹಾಕಿಕೊಳ್ಳುವಂತೆ ಬಿಡಿ. "ಅಪ್‌ಡೇಟ್ ಆಗಿ ಏನಾದರೂ ಕೆಟ್ಟರೆ?" ಎಂಬ ಭಯ ಸಹಜ. ಕೆಡುವುದುಂಟು, ಆದರೆ ಅಪ್‌ಡೇಟಿನಿಂದ ಕೆಟ್ಟದ್ದು ಬೆಳಗಾಗುವಷ್ಟರಲ್ಲಿ ಕಣ್ಣಿಗೆ ಬೀಳುತ್ತದೆ. ಕನ್ನ ಬಿದ್ದದ್ದು ತಿಂಗಳುಗಟ್ಟಲೆ ಗೊತ್ತಾಗದೆಯೂ ಇರಬಹುದು.

ಹೆಚ್ಚಿನವರು ಎಡವುವುದು ಇದರ ಮುಂದಿನ ಮೆಟ್ಟಿಲಲ್ಲಿ. ಡಿಸ್ಕಿನ ಮೇಲೆ ಹೊಸ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಬಂದಿರುತ್ತದೆ, ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಂದಾಗಲೂ ಪ್ಯಾಕೇಜ್ ಹಾಕಿದ್ದಷ್ಟೇ ಸಾಲುತ್ತಿರಲಿಲ್ಲ, ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡಬೇಕಿತ್ತು, ಸೋರಿರಬಹುದಾದ ಖಾಸಗಿ ಕೀಲಿಗಳನ್ನೂ ಬದಲಿಸಬೇಕಿತ್ತು. ಡೆಬಿಯನ್, ಉಬುಂಟುಗಳಲ್ಲಿ 'ನೀಡ್‌ರೀಸ್ಟಾರ್ಟ್' ಎಂಬ ಪ್ಯಾಕೇಜ್ ಹಾಕಿಕೊಂಡರೆ ಯಾವ ಸೇವೆ ಹಳೆಯ ಲೈಬ್ರರಿಯಲ್ಲೇ ಓಡುತ್ತಿದೆಯೆಂದು ಅದು ಹೇಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಬದಲಾಗಿದ್ದರೆ ರೀಬೂಟ್ ಬೇಕೇ ಬೇಕು. "ನನ್ನ ಸರ್ವರ್ 900 ದಿನದಿಂದ ರೀಬೂಟ್ ಆಗಿಲ್ಲ" ಎಂದು ಹೆಮ್ಮೆಯಿಂದ ಹೇಳುವವರು, 900 ದಿನದಿಂದ ಕರ್ನಲ್ ತಿದ್ದುಪಡಿ ಹೇಗೆ ಬಂತು ಎಂಬುದನ್ನೂ ಹೇಳಬೇಕು.

ನಿಮ್ಮ ವಿತರಣೆಯ ಆಯುಷ್ಯವನ್ನೂ ನೋಡಿಕೊಳ್ಳಿ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗಿದಿದೆ. ಅದರ ಮೇಲೆ ಈಗಲೂ ಅಪ್‌ಡೇಟ್ ಕಮಾಂಡ್ ಓಡಿಸಿ "ಹೊಸದೇನೂ ಇಲ್ಲ" ಎಂದು ನೆಮ್ಮದಿಯಿಂದಿದ್ದರೆ ಆ ನೆಮ್ಮದಿ ಸುಳ್ಳು.

ಹೆಜ್ಜೆ 3: ತಂತ್ರಾಂಶ ಬರುವ ದಾರಿ

2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್ ಎಂಬ ವಿತರಣೆಯ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿದ್ದ ಐಎಸ್‌ಓ (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಕಡತದ ಕಡೆ ತಿರುಗಿಸಿದ್ದರು. ಆ ದಿನ ಮಿಂಟ್ 17.3 ಇಳಿಸಿಕೊಂಡು ಹಾಗೇ ಇನ್‌ಸ್ಟಾಲ್ ಮಾಡಿದವರ ಯಂತ್ರ ಮೊದಲ ಗಳಿಗೆಯಿಂದಲೇ ಬೇರೆಯವರದು. ಹಾಗಾಗಿ ಐಎಸ್‌ಓ ಇಳಿಸಿದ ಮೇಲೆ ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ; ಅಲ್ಲಿಗೇ ನಿಲ್ಲಬೇಡಿ. ಕಡತವನ್ನು ಬದಲಿಸಬಲ್ಲವನು ಅದೇ ಪುಟದಲ್ಲಿರುವ ಚೆಕ್‌ಸಮ್ಮನ್ನೂ ಬದಲಿಸಬಲ್ಲ. ಚೆಕ್‌ಸಮ್ ಕಡತಕ್ಕೆ ಯೋಜನೆಯವರು ಹಾಕಿರುವ ಜಿಪಿಜಿ ಎಂಬ ಡಿಜಿಟಲ್ ಸಹಿಯನ್ನು ಪರೀಕ್ಷಿಸಿದಾಗಲೇ ಕೆಲಸ ಪೂರ್ತಿ.

ಇನ್‌ಸ್ಟಾಲ್ ಆದ ಮೇಲೆ ವಿತರಣೆಯ ರೆಪಾಸಿಟರಿಯೇ (ತಂತ್ರಾಂಶ ಭಂಡಾರವೇ) ನಿಮ್ಮ ಮೊದಲ ಆಯ್ಕೆಯಾಗಿರಲಿ. ಯಾವುದೋ ಪುಟದಿಂದ 'ಕರ್ಲ್' (ತಾಣದಿಂದ ಕಡತ ಇಳಿಸುವ ಕಮಾಂಡ್) ಸಾಲನ್ನು ಕಾಪಿ ಮಾಡಿ, ಪೈಪ್ ಹಾಕಿ, ನೇರವಾಗಿ ಸುಡೋ ಬ್ಯಾಷ್‌ಗೆ ಸುರಿಯುವ ಅಭ್ಯಾಸ ಬಿಡಿ. ಬೇಕೇ ಬೇಕಿದ್ದರೆ ಸ್ಕ್ರಿಪ್ಟನ್ನು ಇಳಿಸಿ, ಓದಿ, ಆಮೇಲೆ ಓಡಿಸಿ. ಪೈಥಾನಿನ ಪೈಪಿ, ಜಾವಾಸ್ಕ್ರಿಪ್ಟಿನ ಎನ್‌ಪಿಎಂ ತರಹದ ಪ್ಯಾಕೇಜ್ ಭಂಡಾರಗಳಲ್ಲಿ ಹೆಸರಿನ ಒಂದಕ್ಷರ ಆಚೀಚೆ ಮಾಡಿದ ನಕಲಿ ಪ್ಯಾಕೇಜುಗಳು ಹೊಂಚು ಹಾಕಿರುತ್ತವೆ. ಅಲ್ಲಿ ಹೆಸರನ್ನು ಎರಡು ಸಲ ಓದಿ.

ಇಷ್ಟೆಲ್ಲ ಮಾಡಿದರೂ ಬೇಲಿಯೇ ಎದ್ದು ಹೊಲ ಮೇಯುವ ಸಂದರ್ಭ ಬರುವುದುಂಟು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಡೆವಲಪರ್ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇದೆ ಎಂದು ಬಹಿರಂಗಪಡಿಸಿದರು. ಅವರಿಗೆ ಸುಳಿವು ಸಿಕ್ಕದ್ದು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಒಳಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದರಿಂದ! ಕನ್ನ ಹಾಕಿದವನು ವರ್ಷಗಟ್ಟಲೆ ನಿಷ್ಠೆಯಿಂದ ಕೋಡ್ ಬರೆದು ಯೋಜನೆಯ ನಿರ್ವಾಹಕನಾಗಿಯೇ ಕೂತಿದ್ದ. ಡೆಬಿಯನ್‌ನ ಸ್ಥಿರ ಆವೃತ್ತಿ ಬಳಸುತ್ತಿದ್ದವರು ಇದರಿಂದ ಪಾರಾದರು, ಏಕೆಂದರೆ ಆ ಹೊಸ ಆವೃತ್ತಿ ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಸರ್ವರುಗಳಿಗೆ ತೀರಾ ಹೊಸದರ ಮೋಹ ಬೇಡ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 4: ಖಾತೆಗಳು

ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆ, ಬೇಕಾದಾಗ ಸುಡೋ. ಒಬ್ಬೊಬ್ಬರಿಗೂ ಅವರವರದೇ ಖಾತೆ. ಕೆಲಸ ಬಿಟ್ಟು ಹೋದವರ ಖಾತೆಗೆ ಅದೇ ದಿನ ಬೀಗ. ಪಾಸ್‌ವರ್ಡ್ ಮುಚ್ಚಿದರೂ ಅವರ ಎಸ್‌ಎಸ್‌ಎಚ್ ಕೀಲಿ (ಪಾಸ್‌ವರ್ಡಿನ ಬದಲು ಬಳಸುವ ಕಡತ) ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ನೆನಪಿರಲಿ, ಅದನ್ನೂ ತೆಗೆಯಿರಿ.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ತಂತ್ರಾಂಶ ಡಾಕರ್. ಅದರ 'ಡಾಕರ್' ಎಂಬ ಗುಂಪಿಗೆ ಬಳಕೆದಾರರನ್ನು ಸೇರಿಸುವ ಮುನ್ನ ಒಂದು ಕ್ಷಣ ಯೋಚಿಸಿ. ಆ ಗುಂಪಿನಲ್ಲಿರುವವರು ಇಡೀ ಡಿಸ್ಕನ್ನು ಕಂಟೇನರಿನೊಳಗೆ ಮೌಂಟ್ ಮಾಡಿಕೊಂಡು ಏನನ್ನು ಬೇಕಾದರೂ ಬದಲಿಸಬಹುದು. ಸುಡೋ ಕೊಟ್ಟಿಲ್ಲ ಅಂದುಕೊಂಡು ರೂಟ್ ಅಧಿಕಾರವನ್ನೇ ಕೊಟ್ಟಂತೆ. ಇನ್ನು, ಏನೋ ಕೆಲಸ ಮಾಡುತ್ತಿಲ್ಲವೆಂದು ಫೋಲ್ಡರಿಗೆ, ಯಾರು ಬೇಕಾದರೂ ಓದಿ ಬರೆಯಬಹುದಾದ 777 ಅನುಮತಿ ಹಾಕುವುದು: ತಲೆನೋವಿಗೆ ತಲೆ ತೆಗೆದ ಹಾಗೆ. ಆ ಕಡತ ಯಾರ ಹೆಸರಿನಲ್ಲಿರಬೇಕೆಂದು ಕಂಡುಕೊಂಡು 'ಚೌನ್' (ಒಡೆತನ ಬದಲಿಸುವ ಕಮಾಂಡ್) ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಹೆಜ್ಜೆ 5: ಎಸ್‌ಎಸ್‌ಎಚ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ದೂರದ ಯಂತ್ರಕ್ಕೆ ಇದೇ ಮುಂಬಾಗಿಲು. ತಪ್ಪಿದರೆ ಕಳ್ಳನ ಬದಲು ನೀವೇ ಹೊರಗುಳಿಯುತ್ತೀರಿ.

ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ 'ಎಸ್‌ಎಸ್‌ಎಚ್ ಕೀಜೆನ್' ಬಳಸಿ ಇಡಿ25519 ಬಗೆಯ ಕೀಲಿ ಜೋಡಿ ಮಾಡಿಕೊಳ್ಳಿ. ಅದು ಪಾಸ್‌ಫ್ರೇಸ್ ಕೇಳಿದಾಗ ಎಂಟರ್ ಒತ್ತಿ ಮುಂದೆ ಹೋಗಬೇಡಿ. ಲ್ಯಾಪ್‌ಟಾಪ್ ಕಳೆದ ದಿನ ಆ ಒಂದು ಸಾಲು ನಿಮ್ಮನ್ನು ಕಾಯುತ್ತದೆ. 'ಎಸ್‌ಎಸ್‌ಎಚ್ ಕಾಪಿ ಐಡಿ' ಮೂಲಕ ಸಾರ್ವಜನಿಕ ಕೀಲಿಯನ್ನು ಸರ್ವರಿಗೆ ಕಳಿಸಿ, ಕೀಲಿಯಿಂದಲೇ ಲಾಗಿನ್ ಆಗುತ್ತದೆಯೆಂದು ಪರೀಕ್ಷಿಸಿ. ಆಮೇಲೆ ಸರ್ವರಿನ ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ ಎರಡು ಸಾಲು: ಪಾಸ್‌ವರ್ಡ್ ಅಥೆಂಟಿಕೇಶನ್ 'ನೋ', ಪರ್ಮಿಟ್ ರೂಟ್ ಲಾಗಿನ್ 'ನೋ'.

ಇಷ್ಟು ಮಾಡಿ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ತಿಂಗಳ ಮೇಲೆ ಲಾಗ್ ನೋಡಿದರೆ ಪಾಸ್‌ವರ್ಡ್ ಪ್ರಯತ್ನಗಳು ಸಲೀಸಾಗಿ ನಡೆಯುತ್ತಿವೆ! ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಒಂದೇ ಆಯ್ಕೆ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದೇ ಲೆಕ್ಕ. ಉಬುಂಟು, ಡೆಬಿಯನ್‌ಗಳಲ್ಲಿ ಮುಖ್ಯ ಕಡತ ಶುರುವಾಗುವುದೇ ಪಕ್ಕದ ಫೋಲ್ಡರಿನ ತುಂಡು ಕಡತಗಳನ್ನು ಓದಿಕೊಳ್ಳುವ ಸಾಲಿನಿಂದ. ಬಾಡಿಗೆ ಸರ್ವರುಗಳಲ್ಲಿ 'ಕ್ಲೌಡ್ ಇನಿಟ್' ಎಂಬುದು ಅಲ್ಲಿ ಒಂದು ತುಂಡು ಕಡತ ಇಟ್ಟು ಪಾಸ್‌ವರ್ಡ್ 'ಯೆಸ್' ಎಂದು ಬರೆದಿರುವುದುಂಟು. ಕೆಳಗೆ ನಾನು ಬರೆದ 'ನೋ'ವನ್ನು ಯಾರೂ ಓದಲೇ ಇಲ್ಲ. ಆದ್ದರಿಂದ ಕಡತದಲ್ಲಿ ಏನಿದೆ ಎಂಬುದನ್ನು ನಂಬಬೇಡಿ. 'ಎಸ್‌ಎಸ್‌ಎಚ್‌ಡಿ' ಆದ ಮೇಲೆ ಅಡ್ಡಗೆರೆ ಮತ್ತು ದೊಡ್ಡಕ್ಷರದ ಟಿ ಹಾಕಿ ಸುಡೋದಲ್ಲಿ ಓಡಿಸಿ, ನಿಜವಾಗಿ ಜಾರಿಯಲ್ಲಿರುವ ಆಯ್ಕೆಗಳನ್ನು ಅದು ಮುದ್ರಿಸುತ್ತದೆ. ಸಣ್ಣಕ್ಷರದ ಟಿ ಹಾಕಿದರೆ ಕಾನ್ಫಿಗ್‌ನಲ್ಲಿ ತಪ್ಪಿದೆಯೇ ಎಂದು ಮಾತ್ರ ನೋಡುತ್ತದೆ. ರೀಸ್ಟಾರ್ಟ್ ಮಾಡುವ ಮುನ್ನ ಎರಡನ್ನೂ ಮಾಡಿ.

ರೀಸ್ಟಾರ್ಟ್ ಆದ ಮೇಲೆ ಈಗಿರುವ ಟರ್ಮಿನಲ್ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿ, ಆದರೆ ಮಾತ್ರ ಹಳೆಯದನ್ನು ಮುಚ್ಚಿ.

ಎಸ್‌ಎಸ್‌ಎಚ್ ಬಳಸುವ ಪೋರ್ಟ್ 22ನ್ನು ಬದಲಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬದಲಿಸಿದರೆ ಲಾಗಿನ ಗದ್ದಲ ಕಡಿಮೆಯಾಗುತ್ತದೆ, ಅಷ್ಟೆ. ಫೇಲ್‌2ಬ್ಯಾನ್ (ಲಾಗಿನ್‌ನಲ್ಲಿ ಪದೇ ಪದೇ ವಿಫಲರಾದವರನ್ನು ತಡೆಯುವ ಸಾಧನ) ಬಗ್ಗೆಯೂ ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಅದೇ: ಪಾಸ್‌ವರ್ಡ್ ಲಾಗಿನ್‌ಗೆ ಅವಕಾಶವಿರುವ ಕಡೆ ಅದು ತುಂಬಾ ಉಪಯುಕ್ತ, ಕೀಲಿ ಮಾತ್ರ ಇರುವ ಕಡೆ ಸದ್ದಡಗಿಸುವ ಸಾಧನ. ಇವೆರಡಕ್ಕಿಂತ ಲಾಭದಾಯಕ ಕೆಲಸವೆಂದರೆ ಹಾರ್ಡ್‌ವೇರ್ ಭದ್ರತಾ ಕೀಲಿ. 2020ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಿಂದ ಫಿಡೋ ಮಾನದಂಡದ ಇಂಥ ಕೀಲಿಗಳನ್ನು ನೇರವಾಗಿ ಬಳಸಬಹುದು. ಕಡತ ಕದ್ದರೂ ಬೆರಳು ಮುಟ್ಟಿಸಬೇಕಾದ ಆ ಪುಟ್ಟ ವಸ್ತು ಇಲ್ಲದೆ ಲಾಗಿನ್ ಆಗದು.

ಆದರೂ ಎಸ್‌ಎಸ್‌ಎಚ್ ತಂತ್ರಾಂಶದಲ್ಲೇ ಬಿರುಕಿದ್ದರೆ? 2006ರಲ್ಲಿ ತಿದ್ದಿದ್ದ ಒಂದು ದೋಷ ಮುಂದೆ ಕೋಡ್ ಬದಲಾವಣೆಯಲ್ಲಿ ಮರಳಿ ನುಸುಳಿ, 2024ರ ಜುಲೈ 1ರಂದು 'ರೆಗ್ರೆಶನ್' ಎಂಬ ಹೆಸರಿನಲ್ಲಿ ಬಯಲಾಯಿತು. ಅದಕ್ಕೆ ಲಾಗಿನ್ ಆಗುವ ಅಗತ್ಯವೇ ಇರಲಿಲ್ಲ, ಹಾಗಾಗಿ ಕೀಲಿ ಎಷ್ಟೇ ಗಟ್ಟಿಯಿದ್ದರೂ ಅಲ್ಲಿ ಉಪಯೋಗಕ್ಕೆ ಬಾರದು. ಬಾಗಿಲು ಬೀದಿಗೆ ಕಾಣದಿದ್ದರೆ ಮಾತ್ರ ಬಚಾವು. ಅದಕ್ಕೆ ಮುಂದಿನ ಎರಡು ಹೆಜ್ಜೆ.

ಹೆಜ್ಜೆ 6: ಫೈರ್‌ವಾಲ್

ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು, ಫೆಡೋರಾದಲ್ಲಿ ಫೈರ್‌ವಾಲ್‌ಡಿ. ಇವೆರಡೂ ಕರ್ನಲ್ಲಿನ ಒಳಗಿರುವ ಸೋಸುವ ಯಂತ್ರಕ್ಕೆ ನಿಯಮ ಬರೆದುಕೊಡುವ ಗುಮಾಸ್ತರು. ನಿಯಮದ ತಿರುಳು ಒಂದೇ: ಒಳಬರುವುದೆಲ್ಲ ಬಂದ್, ಹೆಸರಿಸಿ ಬಿಟ್ಟಿದ್ದು ಮಾತ್ರ ಒಳಗೆ.

ಯುಎಫ್‌ಡಬ್ಲ್ಯುನಲ್ಲಿ ಕ್ರಮ ಹೀಗೆ. ಮೊದಲು 'ಡಿಫಾಲ್ಟ್ ಡಿನೈ ಇನ್‌ಕಮಿಂಗ್'. ಎರಡನೆಯದು 'ಅಲೋ ಎಸ್‌ಎಸ್‌ಎಚ್', ಅಥವಾ 30 ಸೆಕೆಂಡಿನಲ್ಲಿ 6 ಸಲ ಬಡಿದವರನ್ನು ತಡೆಯುವ 'ಲಿಮಿಟ್ ಎಸ್‌ಎಸ್‌ಎಚ್'. ವೆಬ್ ಸರ್ವರ್ ಇದ್ದರೆ 80 ಮತ್ತು 443. ಕೊನೆಗೆ 'ಎನೇಬಲ್'. ಕ್ರಮ ತಪ್ಪಿಸಿ ಮೊದಲೇ 'ಎನೇಬಲ್' ಒತ್ತಿದವನು ಏನಾಗುತ್ತಾನೆಂದು ನನಗೆ ಚೆನ್ನಾಗಿ ಗೊತ್ತು: ಟರ್ಮಿನಲ್ ಹಾಗೇ ಹೆಪ್ಪುಗಟ್ಟಿತು, ಸರ್ವರ್ ಇನ್ನೊಂದು ಖಂಡದಲ್ಲಿತ್ತು, ವೆಬ್ ಕನ್ಸೋಲಿನ ಪಾಸ್‌ವರ್ಡ್ ಮರೆತುಹೋಗಿತ್ತು. ಅಂದಿನಿಂದ ಒಂದು ಉಪಾಯ ಮಾಡಿಕೊಂಡಿದ್ದೇನೆ. ದೂರದ ಯಂತ್ರದಲ್ಲಿ ಫೈರ್‌ವಾಲ್ ಮುಟ್ಟುವ ಮುನ್ನ 'ಅಟ್' ಕಮಾಂಡಿನಿಂದ, ಇನ್ನು 5 ನಿಮಿಷಕ್ಕೆ ಫೈರ್‌ವಾಲ್ ತಾನಾಗಿ ಆಫ್ ಆಗಲಿ ಎಂದು ಬರೆದಿಡುತ್ತೇನೆ. ಎಲ್ಲ ಸರಿಯಿದ್ದರೆ ಆ ಕೆಲಸವನ್ನು ರದ್ದು ಮಾಡುತ್ತೇನೆ. ಹೊರಗುಳಿದರೆ 5 ನಿಮಿಷ ಕಾಯುತ್ತೇನೆ.

ಫೈರ್‌ವಾಲ್ ಇದ್ದೂ ಇಲ್ಲದಂತಾಗುವ ಎರಡು ಸಂದರ್ಭಗಳಿವೆ.

ಒಂದು, ಡಾಕರ್. ಕಂಟೇನರಿನ ಪೋರ್ಟ್ ಪ್ರಕಟಿಸಿದಾಗ ಡಾಕರ್ ತನ್ನದೇ ನಿಯಮಗಳನ್ನು ನೇರವಾಗಿ ಕರ್ನಲ್ಲಿಗೆ ಬರೆಯುತ್ತದೆ, ಪ್ಯಾಕೆಟ್ಟು ಯುಎಫ್‌ಡಬ್ಲ್ಯು ನಿಯಮಗಳ ದಾರಿಗೆ ಬರುವುದೇ ಇಲ್ಲ. ನೀವು 'ಡಿನೈ 5432' ಎಂದು ಎಷ್ಟು ಸಲ ಬರೆದರೂ ದತ್ತಸಂಚಯ ಹೊರಗಿನವರಿಗೆ ಕಾಣುತ್ತಿರುತ್ತದೆ. ಯುಎಫ್‌ಡಬ್ಲ್ಯು ಸ್ಟೇಟಸ್ ಮಾತ್ರ ಎಲ್ಲ ಬಂದ್ ಎಂದು ತೋರಿಸುತ್ತಿರುತ್ತದೆ. ಪರಿಹಾರ ಸರಳ: ಪೋರ್ಟ್ ಬರೆಯುವಾಗ 5432:5432 ಎಂದು ಬಿಡದೆ 127.0.0.1:5432:5432 ಎಂದು ಬರೆಯಿರಿ. ಕಂಪೋಸ್ ಕಡತದಲ್ಲೂ ಅಷ್ಟೆ. ಕಂಟೇನರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದಕ್ಕಾದರೆ ಪೋರ್ಟ್ ಪ್ರಕಟಿಸುವ ಅಗತ್ಯವೇ ಇಲ್ಲ, ಒಂದೇ ಡಾಕರ್ ನೆಟ್‌ವರ್ಕಿನಲ್ಲಿದ್ದರೆ ಸಾಕು.

ಇನ್ನೊಂದು ಐಪಿವಿ6. ಕೈಯಾರೆ ಐಪಿಟೇಬಲ್ಸ್ (ಕರ್ನಲ್ಲಿಗೆ ಸೋಸುವ ನಿಯಮ ಬರೆಯುವ ಹಳೆಯ ಸಾಧನ) ನಿಯಮ ಬರೆದವರು ಐಪಿವಿ4ಕ್ಕೆ ಮಾತ್ರ ಬರೆದು ಐಪಿವಿ6 ದಾರಿಯನ್ನು ಹಾರುಹೊಡೆದು ಬಿಟ್ಟಿರುತ್ತಾರೆ. ಅದರ ಉತ್ತರಾಧಿಕಾರಿ ಎನ್‌ಎಫ್‌ಟೇಬಲ್ಸ್‌ನಲ್ಲಿ 'ಐನೆಟ್' ಬಗೆಯ ಟೇಬಲ್ ಬಳಸಿದರೆ ಒಂದೇ ನಿಯಮ ಎರಡಕ್ಕೂ ಅನ್ವಯಿಸುತ್ತದೆ.

ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಕ್ಕೆ ಜೋಡಿಸಿ, ಎನ್‌ಮ್ಯಾಪ್‌ನಿಂದ ನಿಮ್ಮ ಸರ್ವರಿನ ಎಲ್ಲ 65535 ಪೋರ್ಟುಗಳನ್ನೂ ತಟ್ಟಿ ನೋಡಿ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಪಟ್ಟಿಗೂ ಇದಕ್ಕೂ ತಾಳೆಯಾಗಬೇಕು. ನಿಮ್ಮದಲ್ಲದ ಯಂತ್ರದ ಮೇಲೆ ಈ ಪ್ರಯೋಗ ಬೇಡ.

ಹೆಜ್ಜೆ 7: ರೂಟರ್ ಮತ್ತು ಒಳಗಿನ ನೆಟ್‌ವರ್ಕ್

2016ರ ಮಿರಾಯ್ ಮಾಲ್‌ವೇರ್ ಹೊಕ್ಕಿದ್ದು ಕ್ಯಾಮೆರಾ, ರೂಟರುಗಳಿಗೆ. ಇವುಗಳೊಳಗೂ ಓಡುವುದು ಹೆಚ್ಚಾಗಿ ಲಿನಕ್ಸೇ. ಅದರ ಬತ್ತಳಿಕೆಯಲ್ಲಿದ್ದದ್ದು ಕಾರ್ಖಾನೆಯಿಂದ ಬರುವ ಸುಮಾರು 60 ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳು ಮಾತ್ರ. ಅಷ್ಟರಿಂದಲೇ ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ) ಸಂಸ್ಥೆಯನ್ನು ಮಂಡಿಯೂರಿಸಿ, ಹಲವು ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿತು.

ರೂಟರಿನ ಆಡಳಿತ ಪುಟಕ್ಕೆ ಹೋಗಿ ಮಾಡಬೇಕಾದ್ದಿಷ್ಟು: ಆಡಳಿತದ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಹೊರಗಿನಿಂದ ಆಡಳಿತ ಮಾಡುವ ಸೌಲಭ್ಯ ಮುಚ್ಚಿ, ಡಬ್ಲ್ಯುಪಿಎಸ್ (ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಮುಚ್ಚಿ, ವೈಫೈಗೆ ಡಬ್ಲ್ಯುಪಿಎ3 ಅಥವಾ ಕನಿಷ್ಠ ಡಬ್ಲ್ಯುಪಿಎ2 ಬಗೆಯ ಭದ್ರತೆ ಇಡಿ. ಯುಪಿಎನ್‌ಪಿ ಎಂಬುದನ್ನೂ ಮುಚ್ಚಿ. ಒಳಗಿನ ಯಾವುದೇ ಸಾಧನ ನಿಮ್ಮನ್ನು ಕೇಳದೆ ಹೊರಬಾಗಿಲು ತೆಗೆಯಲು ಅದು ಅವಕಾಶ ಕೊಡುತ್ತದೆ. ಕಂಪನಿ ಫರ್ಮ್‌ವೇರ್ ಕೊಡುವುದನ್ನು ನಿಲ್ಲಿಸಿದ್ದರೆ, ಆ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಮುಕ್ತ ಫರ್ಮ್‌ವೇರ್) ಬೆಂಬಲವಿದೆಯೇ ನೋಡಿ.

ಕ್ಯಾಮೆರಾ, ಟಿವಿ, ಸ್ಮಾರ್ಟ್ ಬಲ್ಬುಗಳಿಗೆ ಬೇರೆ ನೆಟ್‌ವರ್ಕ್ ಕೊಡಿ. ವಿಎಲ್‌ಎಎನ್ (ಒಂದೇ ಉಪಕರಣದಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಮಾಡುವಷ್ಟು ತಾಳ್ಮೆ ಇಲ್ಲದಿದ್ದರೆ ರೂಟರಿನ ಗೆಸ್ಟ್ ವೈಫೈ ಆದರೂ ಆದೀತು. ಬಲ್ಬು ನಿಮ್ಮ ಬ್ಯಾಕಪ್ ಸರ್ವರಿನ ಜೊತೆ ಮಾತಾಡಬೇಕಾದ ಪ್ರಮೇಯವೇನೂ ಇಲ್ಲವಲ್ಲ.

ಹೊರಗಿನಿಂದ ಒಳಗೆ ಬರಲೇಬೇಕಾದವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಎರಡು ಯಂತ್ರಗಳ ನಡುವಿನ ಗೂಢ ಸುರಂಗ) ನನ್ನ ಶಿಫಾರಸು. 2020ರ ಮಾರ್ಚ್‌ನಲ್ಲಿ ಬಂದ ಕರ್ನಲ್ 5.6ರಿಂದ ಅದು ಲಿನಕ್ಸಿನೊಳಗೇ ಇದೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಮೌನ: ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ತಟ್ಟಿದವನಿಗೆ ಅಲ್ಲಿ ಬಾಗಿಲಿದೆಯೆಂದೂ ತಿಳಿಯುವುದಿಲ್ಲ. ಒಂದು ಯುಡಿಪಿ ಪೋರ್ಟ್ (ರೂಢಿಯಲ್ಲಿ 51820) ತೆರೆದಿಟ್ಟು, ಎಸ್‌ಎಸ್‌ಎಚ್ ಮತ್ತು ಎಲ್ಲ ಆಡಳಿತ ಪುಟಗಳನ್ನೂ ವೈರ್‌ಗಾರ್ಡ್ ವಿಳಾಸದ ಹಿಂದೆ ಸರಿಸಿ. ಹಾಗೆ ಮಾಡಿದವರು ರೆಗ್ರೆಶನ್ ಸುದ್ದಿ ಬಂದ ದಿನ ಗಾಬರಿಯಾಗದೆ ಅಪ್‌ಡೇಟ್ ಮಾಡಿಕೊಳ್ಳಬಹುದಿತ್ತು. ಬಾಡಿಗೆ ಸರ್ವರಿನಲ್ಲಿ ಹೀಗೆ ಮಾಡುವ ಮುನ್ನ ವೆಬ್ ಕನ್ಸೋಲ್ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಿ. ವೈರ್‌ಗಾರ್ಡ್ ಎದ್ದೇಳದಿದ್ದರೆ ಅದೊಂದೇ ದಾರಿ.

ಹೆಜ್ಜೆ 8: ಎಸ್‌ಇಲಿನಕ್ಸ್ ಆಫ್ ಮಾಡಬೇಡಿ

ಫೆಡೋರಾದಲ್ಲಿ ಎಸ್‌ಇಲಿನಕ್ಸ್, ಉಬುಂಟು ಮತ್ತು ಡೆಬಿಯನ್‌ನಲ್ಲಿ ಆಪ್‌ಆರ್ಮರ್ ಮೊದಲಿನಿಂದಲೇ ಓಡುತ್ತಿರುತ್ತವೆ. ವೆಬ್ ಸರ್ವರಿಗೆ ಕನ್ನ ಬಿದ್ದರೂ ಕನ್ನ ಹಾಕಿದವನು ಆ ಕೋಣೆಯಲ್ಲೇ ಉಳಿಯುವಂತೆ ಇವು ನೋಡಿಕೊಳ್ಳುತ್ತವೆ. "ಪುಟ ತೆರೆಯುತ್ತಿಲ್ಲವೇ? ಎಸ್‌ಇಲಿನಕ್ಸ್ ಆಫ್ ಮಾಡಿ" ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ನಿಜವಾದ ಕಾರಣ ಬಹಳ ಸಲ ತೀರಾ ಚಿಕ್ಕದು: ಕಡತವನ್ನು ನೀವು ಹೋಂ ಫೋಲ್ಡರಿನಿಂದ 'ಎಂವಿ' ಮಾಡಿ ತಂದಿರುತ್ತೀರಿ, ಅದರ ಮೇಲೆ ಹಳೆಯ ಜಾಗದ ಚೀಟಿಯೇ ಅಂಟಿರುತ್ತದೆ. 'ರೀಸ್ಟೋರ್‌ಕಾನ್' ಓಡಿಸಿದರೆ ಚೀಟಿ ಸರಿಹೋಗುತ್ತದೆ, ಪುಟವೂ ತೆರೆಯುತ್ತದೆ.

ಹೆಜ್ಜೆ 9: ಡಿಸ್ಕ್ ಮತ್ತು ಬ್ಯಾಕಪ್

ಲ್ಯಾಪ್‌ಟಾಪಿಗೆ ಇನ್‌ಸ್ಟಾಲ್ ಮಾಡುವಾಗಲೇ ಎಲ್‌ಯುಕೆಎಸ್ ಎಂಬ ಡಿಸ್ಕ್ ಗೂಢಲಿಪೀಕರಣ ಆಯ್ದುಕೊಳ್ಳಿ, ಆಮೇಲೆ ಸೇರಿಸುವುದು ರಗಳೆ. ಯಂತ್ರ ಪೂರ್ತಿ ಆಫ್ ಆಗಿದ್ದಾಗ ಮಾತ್ರ ಅದು ಕಾಯುತ್ತದೆ. ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟರೆ ಸಾಮಾನ್ಯವಾಗಿ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಡಿಸ್ಕಿನ ಆರಂಭದ ಹೆಡರ್ ಕೆಟ್ಟರೆ ಪಾಸ್‌ಫ್ರೇಸ್ ಸರಿಯಿದ್ದರೂ ಡೇಟಾ ಸಿಗದು, ಹಾಗಾಗಿ 'ಕ್ರಿಪ್ಟ್‌ಸೆಟಪ್'ನಿಂದ ಹೆಡರಿನ ಪ್ರತಿ ತೆಗೆದು ಬೇರೆ ಕಡೆ ಇಡಿ.

ಬ್ಯಾಕಪ್ಪಿಗೆ ರೆಸ್ಟಿಕ್ ಅಥವಾ ಬೋರ್ಗ್, ಎರಡೂ ಒಳ್ಳೆಯವೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ಲೆಕ್ಕ ಇಂದಿಗೂ ಸರಿ. ಅದಕ್ಕೆ ನಾನು ಸೇರಿಸುವುದು ಎರಡು ಮಾತು. ಸರ್ವರಿಗೆ ತನ್ನ ಬ್ಯಾಕಪ್ಪನ್ನು ತಾನೇ ಅಳಿಸುವ ಅಧಿಕಾರ ಇರಬಾರದು. ಇದ್ದರೆ ರಾನ್ಸಮ್‌ವೇರಿಗೂ ಇರುತ್ತದೆ. ಎರಡೂ ತಂತ್ರಾಂಶಗಳಲ್ಲಿ ಸೇರಿಸಲು ಮಾತ್ರ ಬಿಡುವ 'ಅಪೆಂಡ್ ಓನ್ಲಿ' ವ್ಯವಸ್ಥೆ ಮಾಡಿಕೊಳ್ಳಬಹುದು. ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಖಾಲಿ ಯಂತ್ರಕ್ಕೆ ಮರಳಿ ತುಂಬಿಸಿ ನೋಡಿ. ಬ್ಯಾಕಪ್ಪಿನ ಪಾಸ್‌ವರ್ಡ್ ಬ್ಯಾಕಪ್ಪಿನೊಳಗೇ ಇತ್ತು ಎಂಬುದು ಗೊತ್ತಾಗುವುದು ಅಂಥ ದಿನವೇ.

ಹೆಜ್ಜೆ 10: ಲಾಗ್ ಓದುವ ರೂಢಿ

'ಜರ್ನಲ್‌ಸಿಟಿಎಲ್', ನಿಮ್ಮ ವಿತರಣೆಯಲ್ಲಿದ್ದರೆ 'ಲಾಸ್ಟ್', 'ಲಾಸ್ಟ್‌ಬಿ' ಇಷ್ಟರಲ್ಲೇ ಬಹಳಷ್ಟು ಕಾಣುತ್ತದೆ. ವಿಫಲವಾದ ಲಾಗಿನ್‌ಗಳಿಗಿಂತ ಯಶಸ್ವಿಯಾದವನ್ನು ಗಮನವಿಟ್ಟು ಓದಿ: ನೀವು ಮಲಗಿದ್ದ ಹೊತ್ತಿನಲ್ಲಿ ನಿಮ್ಮ ಹೆಸರಿನಲ್ಲಿ ಬಂದವರು ಯಾರು? ಒಳಬಂದವನು ಮೊದಲು ಒರೆಸುವುದೇ ಹೆಜ್ಜೆ ಗುರುತನ್ನು, ಹಾಗಾಗಿ ಲಾಗುಗಳ ಒಂದು ಪ್ರತಿ ಆರ್‌ಸಿಸ್‌ಲಾಗ್ ಮೂಲಕ ಬೇರೆ ಯಂತ್ರಕ್ಕೆ ಹರಿಯಲಿ. ಲಿನಿಸ್ ಎಂಬ ತಪಾಸಣಾ ಸಾಧನವನ್ನು ಓಡಿಸಿದರೆ ಸಲಹೆಗಳ ಉದ್ದ ಪಟ್ಟಿ, ಕೊನೆಯಲ್ಲಿ ಒಂದು ಅಂಕ ಬರುತ್ತದೆ. ಸಲಹೆ ಓದಿ, ಅಂಕದ ಹಿಂದೆ ಓಡಬೇಡಿ.

ಕನ್ನ ಬಿದ್ದೇಬಿಟ್ಟಿದ್ದರೆ

ನೆಟ್‌ವರ್ಕ್ ತಂತಿ ಕೀಳಿ. ಬಾಡಿಗೆ ಸರ್ವರ್ ಆದರೆ ಅವರ ಫೈರ್‌ವಾಲಿನಲ್ಲಿ ಎಲ್ಲ ಬಂದ್ ಮಾಡಿ, ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯಿರಿ. ಹೇಗೆ ಬಂದರೆಂದು ತಿಳಿಯಲು ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ ನೋಡಿ: ಪ್ರತಿ ಬಳಕೆದಾರನ 'ಆಥರೈಸ್ಡ್ ಕೀಸ್' ಕಡತ (ಒಳಬಿಡುವ ಕೀಲಿಗಳ ಪಟ್ಟಿ), ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಪಟ್ಟಿಗಳು ಮತ್ತು ಸಿಸ್ಟಂಡಿ ಟೈಮರುಗಳು, ಇಟಿಸಿ ಫೋಲ್ಡರಿನ 'ಎಲ್‌ಡಿ ಎಸ್‌ಓ ಪ್ರೀಲೋಡ್' (ಪ್ರೋಗ್ರಾಂಗಳಿಗೆ ಮೊದಲೇ ತುಂಬಬೇಕಾದ ಲೈಬ್ರರಿಗಳ ಪಟ್ಟಿ). ಆ ಕೊನೆಯ ಕಡತ ಸಾಮಾನ್ಯವಾಗಿ ಇರುವುದೇ ಇಲ್ಲ. ಇದ್ದರೆ ಅದರೊಳಗೆ ಬರೆದಿರುವ ಲೈಬ್ರರಿ ಯಾರದೆಂದು ಹುಡುಕಿ.

ಯಂತ್ರವನ್ನು ತೊಳೆದು ಮತ್ತೆ ಬಳಸುವ ಆಸೆ ಬೇಡ. ಒಮ್ಮೆ ರೂಟ್ ಕೈತಪ್ಪಿದರೆ ಆ ಯಂತ್ರ ತನ್ನ ಬಗ್ಗೆ ಹೇಳುವ ಯಾವ ಮಾತನ್ನೂ ನಂಬುವಂತಿಲ್ಲ, 'ಎಸ್‌ಎಸ್' ತೋರಿಸುವ ಪಟ್ಟಿಯನ್ನೂ ಸಹ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್ಪಿನಿಂದ ಡೇಟಾ ಮಾತ್ರ ತನ್ನಿ, ಪ್ರೋಗ್ರಾಂಗಳನ್ನು ರೆಪಾಸಿಟರಿಯಿಂದ ಹೊಸದಾಗಿ ಹಾಕಿ. ಆ ಯಂತ್ರದಲ್ಲಿದ್ದ ಪ್ರತಿ ಪಾಸ್‌ವರ್ಡ್, ಎಪಿಐ ಟೋಕನ್, ಎಸ್‌ಎಸ್‌ಎಚ್ ಕೀಲಿ, ಟಿಎಲ್‌ಎಸ್ ಪ್ರಮಾಣಪತ್ರವನ್ನು ಬೇರೊಂದು ಶುದ್ಧ ಯಂತ್ರದಲ್ಲಿ ಕೂತು ಬದಲಿಸಿ. ಹೊಸ ಯಂತ್ರವನ್ನು ನೆಟ್‌ವರ್ಕಿಗೆ ಬಿಡುವ ಮುನ್ನ 'ಎಸ್‌ಎಸ್' ಓಡಿಸಿ, 0.0.0.0 ಎಂದಿರುವ ಸಾಲುಗಳನ್ನು ಮತ್ತೊಮ್ಮೆ ಎಣಿಸಿ.